ವೇಗ ನಿಯಂತ್ರಕದ ಗುಣಪರೀಕ್ಷೆ: ಡ್ರೋನ್ ಬಳಸುವ ಬೆಳೆಗಾರರಿಗೊಂದು ಪಾಠ



ಕಾಫಿ ಹಣ್ಣನ್ನು ಪಲ್ಪರಿಗೆ ಹಾಕುವ ಮೊದಲು ನೀರಿಗೆ ಸುರಿದು ತೇಲುವ ಜೊಳ್ಳನ್ನು ತೆಗೆಯುತ್ತೇವೆ. ಬೀಜಕ್ಕೆಂದು ಇಟ್ಟ ಹಣ್ಣಡಿಕೆಯನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನೇ ಆರಿಸುತ್ತೇವೆ. ಹೊರಗಿನಿಂದ ನೋಡಿದರೆ ಎಲ್ಲ ಕಾಯಿಯೂ ಒಂದೇ. ಒಳಗಿನ ಗುಣವನ್ನು ತಿಳಿಯಲು ಪರೀಕ್ಷೆಯೇ ಬೇಕು. ಯಂತ್ರದ ಬಿಡಿಭಾಗಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಅಡಿಕೆ ತೋಟದ ಮೇಲೆ ಡ್ರೋನ್ ಹಾರಿಸಿ ಔಷಧಿ ಸಿಂಪಡಿಸುವುದು ಈಗ ಹೊಸ ಸುದ್ದಿಯಲ್ಲ. ಕೊನೆಗಾರರು ಸಿಗದ ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಕೆಲವರು ಅದನ್ನು ಬಾಡಿಗೆಗೆ ಕರೆಸುತ್ತಾರೆ. ನಮ್ಮ ಮನೆಗಳ ಹುಡುಗರು ಬಿಡಿಭಾಗ ತರಿಸಿ ಚಿಕ್ಕ ಡ್ರೋನುಗಳನ್ನು ಹವ್ಯಾಸಕ್ಕಾಗಿ ತಾವೇ ಜೋಡಿಸುವುದೂ ಉಂಟು. ಈ ಎರಡು ಬಗೆಯ ಡ್ರೋನುಗಳಲ್ಲಿಯೂ ಪ್ರತಿ ಮೋಟಾರಿಗೆ ಒಂದರಂತೆ ವೇಗ ನಿಯಂತ್ರಕವೆಂಬ ಭಾಗವಿರುತ್ತದೆ. ಇ.ಎಸ್.ಸಿ. ಎಂದು ಅಂಗಡಿಯವರು ಕರೆಯುವುದು ಇದನ್ನೇ. ಇದು ಹಾರಾಟದ ನಡುವೆ ಕೆಟ್ಟರೆ ನಾಲ್ಕು ಮೋಟಾರಿನ ಡ್ರೋನು ನೆಲಕ್ಕೆ ಬೀಳುವುದು. ಕೆಳಗೆ ಆಳುಗಳಿದ್ದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಈ ಭಾಗ ಹೇಗೆ ಕೆಲಸ ಮಾಡುತ್ತದೆ, ಯಾವ ದೋಷಗಳಿಂದ ಕೆಡುತ್ತದೆ, ಪರೀಕ್ಷಿಸುವುದು ಹೇಗೆ ಎಂಬ ಮೂರು ವಿಷಯಗಳನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

೧. ವೇಗ ನಿಯಂತ್ರಕದ ಕೆಲಸ

ತೋಟದ ಪಂಪ್‌ಸೆಟ್ಟಿನ ಮೂರು ಫೇಸಿನ ಮೋಟಾರನ್ನು ನಾವೆಲ್ಲ ಬಲ್ಲೆವು. ಡ್ರೋನಿನ ಮೋಟಾರಿಗೂ ಮೂರು ತಂತಿಗಳಿರುತ್ತವೆ. ಆದರೆ ಬ್ಯಾಟರಿಯಿಂದ ಬರುವುದು ಏಕಮುಖ ವಿದ್ಯುತ್ತು. ಅದನ್ನು ಮೂರು ತಂತಿಗಳಿಗೆ ಸರದಿಯ ಪ್ರಕಾರ ಹಂಚಿ ಮೋಟಾರನ್ನು ತಿರುಗಿಸುವುದೇ ವೇಗ ನಿಯಂತ್ರಕದ ಕೆಲಸ.

ಇದಕ್ಕಾಗಿ ಅದರೊಳಗೆ ಆರು ಸ್ಥಾನಗಳಲ್ಲಿ ಮಾಸ್‌ಫೆಟ್ ಎಂಬ ಸ್ವಿಚ್ಚುಗಳಿವೆ. ಪ್ರತಿ ತಂತಿಗೆ ಎರಡು ಸ್ವಿಚ್ಚು: ಮೇಲಿನದು ತಂತಿಯನ್ನು ಬ್ಯಾಟರಿಯ ಧನ ತುದಿಗೆ ಸೇರಿಸುತ್ತದೆ, ಕೆಳಗಿನದು ಋಣ ತುದಿಗೆ. ಸಾಮಾನ್ಯ ಕ್ರಮದಲ್ಲಿ ವಿದ್ಯುತ್ತು ಒಂದು ತಂತಿಯಿಂದ ಒಳಹೊಕ್ಕು ಇನ್ನೊಂದರಿಂದ ಹೊರಬರುತ್ತದೆ. ಆಗ ಸುಮ್ಮನಿರುವ ಮೂರನೆಯ ತಂತಿಯಲ್ಲಿ ತಿರುಗುವ ಅಯಸ್ಕಾಂತದಿಂದ ಹುಟ್ಟುವ ಒತ್ತಡವನ್ನು ನಿಯಂತ್ರಕದ ಚಿಪ್ಪು ಅಳೆದು, ಮೋಟಾರು ಎಲ್ಲಿಯವರೆಗೆ ತಿರುಗಿದೆ ಎಂದು ಅರಿತುಕೊಂಡು, ಮುಂದಿನ ಸ್ವಿಚ್ಚನ್ನು ಹಾಕುತ್ತದೆ. ಈ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆಯಲ್ಪಡುತ್ತವೆ. ಹಾಕಿದ ಅವಧಿ ಹೆಚ್ಚಿದಷ್ಟೂ ವೇಗ ಹೆಚ್ಚು.

ಒಂದೇ ತಂತಿಯ ಮೇಲಿನ ಮತ್ತು ಕೆಳಗಿನ ಸ್ವಿಚ್ಚುಗಳು ಎಂದೂ ಏಕಕಾಲಕ್ಕೆ ಕೂಡಬಾರದು. ಕೂಡಿದರೆ ಬ್ಯಾಟರಿಯ ಎರಡು ತುದಿಗಳೇ ನೇರವಾಗಿ ಸೇರಿದಂತಾಗಿ ಕ್ಷಣದಲ್ಲಿ ಸುಟ್ಟುಹೋಗುವುದು. ಮಾಸ್‌ಫೆಟ್ಟು ಕೆಟ್ಟಾಗ ಹೆಚ್ಚಾಗಿ ಮುಚ್ಚಿಕೊಂಡೇ ಉಳಿಯುತ್ತದೆ, ಅಂದರೆ ಶಾರ್ಟ್ ಆಗುತ್ತದೆ. ಆದುದರಿಂದ ಒಂದು ಸ್ವಿಚ್ಚು ಹಾಳಾದರೆ ಅದರ ಜೋಡಿಯೂ ಉಳಿಯುವುದು ಅಪರೂಪ.

೨. ಶಾಖದ ಲೆಕ್ಕ

ಮಾಸ್‌ಫೆಟ್ಟು ಕೂಡಿದಾಗಲೂ ಅದರಲ್ಲಿ ಅತ್ಯಲ್ಪ ತಡೆ ಇದ್ದೇ ಇರುತ್ತದೆ. ಪ್ರವಾಹವನ್ನು ಅದರಿಂದಲೇ ಗುಣಿಸಿ, ಬಂದುದನ್ನು ತಡೆಯಿಂದ ಗುಣಿಸಿದರೆ ಹುಟ್ಟುವ ಶಾಖ ವಾಟ್‌ಗಳಲ್ಲಿ ಸಿಗುತ್ತದೆ. ಈ ಸಣ್ಣ ಲೆಕ್ಕವನ್ನು ಹಿಡಿದುಕೊಂಡರೆ ಉಳಿದ ಪಾಠವೆಲ್ಲ ಸುಲಭ.

ಉದಾಹರಣೆಗೆ, ಒಂದು ಸ್ಥಾನದಲ್ಲಿ ಎರಡು ಮಾಸ್‌ಫೆಟ್ಟುಗಳನ್ನು ಜೊತೆಯಾಗಿ ಕೂರಿಸಿದ್ದಾರೆ ಎಂದಿಟ್ಟುಕೊಳ್ಳಿ. ಒಂದೊಂದರ ತಡೆ 0.002 ಓಮ್. ಮೋಟಾರು ಎಳೆಯುವ ಪ್ರವಾಹ 40 ಆಂಪಿಯರ್. ಆಗ ಒಂದೊಂದರ ಪಾಲಿಗೆ 20 ಆಂಪಿಯರ್ ಬರುತ್ತದೆ. 20 × 20 × 0.002 = 0.8 ವಾಟ್. ಇದು ತಡೆದುಕೊಳ್ಳಬಲ್ಲ ಶಾಖ.

ಈಗ ಎರಡರಲ್ಲಿ ಒಂದರ ಬೆಸುಗೆ ಹಿಡಿದಿಲ್ಲವೆನ್ನಿ. ಪೂರ್ತಿ 40 ಆಂಪಿಯರ್ ಉಳಿದ ಒಂದರ ಮೇಲೆಯೇ ಬೀಳುವುದು. 40 × 40 × 0.002 = 3.2 ವಾಟ್. ಹೊರೆ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಯಿತು. ಅಷ್ಟೇ ಅಲ್ಲ, ಮಾಸ್‌ಫೆಟ್ಟು ಬಿಸಿಯಾದಂತೆ ಅದರ ತಡೆಯೂ ಏರುತ್ತದೆ, ತಡೆ ಏರಿದಂತೆ ಮತ್ತೆ ಶಾಖ ಏರುತ್ತದೆ. ಕೊನೆಗೆ ಅದು ಸುಡುವುದು.

ಇದೇ ನಿಯಂತ್ರಕವನ್ನು ಅಂಗಡಿಯ ಮೇಜಿನ ಮೇಲೆ ಪ್ರೊಪೆಲ್ಲರ್ ಇಲ್ಲದೆ ತಿರುಗಿಸಿ ತೋರಿಸಿದರೆ ಏನಾದೀತು? ಆಗ ಎಳೆಯುವ ಪ್ರವಾಹ 2 ಆಂಪಿಯರ್ ಎನ್ನಿ. 2 × 2 × 0.002 = 0.008 ವಾಟ್. ಕೈಗೆ ಬಿಸಿಯೂ ತಟ್ಟದು. ಮೋಟಾರು ಸೊಗಸಾಗಿ ತಿರುಗುವುದು. "ನೋಡಿ, ಚೆನ್ನಾಗಿದೆಯಲ್ಲ" ಎಂದು ಅಂಗಡಿಯವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೊರೆಯಿಲ್ಲದ ಪರೀಕ್ಷೆ ಈ ದೋಷವನ್ನು ತೋರಿಸಲಾರದು. ಬರಿಗೈಯಲ್ಲಿ ನಡೆಸಿ ನೋಡಿದ ಎತ್ತು ನೊಗ ಹೊರುವುದೋ ಇಲ್ಲವೋ ಎಂದು ತಿಳಿಯದು.

೩. ದೋಷದ ಬಿಡಿಭಾಗಗಳು

ಕೆಡುವುದಕ್ಕೆ ಕಾರಣಗಳು ಹಲವು. ಮುಖ್ಯವಾದವು ಇವು.

ಮಾಸ್‌ಫೆಟ್ಟಿನ ದೋಷ. ಅಗ್ಗದ ಮಾಸ್‌ಫೆಟ್ಟಿನ ಮೇಲಿನ ಗುರುತನ್ನು ಉಜ್ಜಿ ಅಳಿಸಿ ಹೆಚ್ಚು ಬೆಲೆಯದರ ಗುರುತನ್ನು ಅಚ್ಚು ಹಾಕಿ ಮಾರುವವರಿದ್ದಾರೆ. ಹಳೆಯ ಬೋರ್ಡುಗಳಿಂದ ಕಿತ್ತುದನ್ನು ಹೊಸದೆಂದು ಮಾರುವುದೂ ಉಂಟು. ಇಂಥವುಗಳಲ್ಲಿ ತಡೆ ಹೆಚ್ಚು, ವೋಲ್ಟೇಜು ತಾಳುವ ಶಕ್ತಿ ಕಡಿಮೆ. ಆರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ತುಂಬಿದಾಗ ಸೆಲ್ಲಿಗೆ 4.2ರಂತೆ 25.2 ವೋಲ್ಟ್ ಇರುತ್ತದೆ. ಪ್ರವಾಹವನ್ನು ಒಮ್ಮೆಗೇ ತಡೆದಾಗ ತಂತಿಯಲ್ಲಿ ಕ್ಷಣಮಾತ್ರ ಇದಕ್ಕಿಂತ ಹೆಚ್ಚಿನ ಒತ್ತಡ ಚಿಮ್ಮುತ್ತದೆ. 40 ವೋಲ್ಟ್ ತಾಳಬೇಕಾದಲ್ಲಿ 30 ವೋಲ್ಟಿನದನ್ನು ಕೂರಿಸಿದ್ದರೆ ಅದು ಎಂದಾದರೊಂದು ದಿನ ಕೈಕೊಡುವುದು.

ಕೆಪಾಸಿಟರಿನ ದೋಷ. ಮೇಲೆ ಹೇಳಿದ ಚಿಮ್ಮುವಿಕೆಯನ್ನು ನುಂಗಿಕೊಳ್ಳುವುದು ಕೆಪಾಸಿಟರ್. ಬ್ಯಾಟರಿಯ ತಂತಿ ಉದ್ದವಾದಷ್ಟೂ ಅದರ ಮೇಲಿನ ಹೊರೆ ಹೆಚ್ಚು. ಇಂಥ ಕೆಪಾಸಿಟರಿನ ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆಂಬುದು ತಂತ್ರಜ್ಞರು ಬಳಸುವ ಸ್ಥೂಲ ನಿಯಮ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದು 95 ಡಿಗ್ರಿಯಲ್ಲಿ 4,000 ಗಂಟೆ, 85ರಲ್ಲಿ 8,000 ಗಂಟೆ ಬಾಳೀತು. ಮಾಲು ಕಳಪೆಯಾದರೆ ಈ ಲೆಕ್ಕವೂ ನಡೆಯದು. 1999ರ ಸುಮಾರಿನಿಂದ ಕೆಲವು ವರ್ಷ ಕಂಪ್ಯೂಟರ್ ಬೋರ್ಡುಗಳಲ್ಲಿ ಇದು ಜಗತ್ತಿನಾದ್ಯಂತ ಕಂಡುಬಂತು. ಒಳಗಿನ ದ್ರವದ ಮಿಶ್ರಣ ಸರಿಯಿಲ್ಲದೆ ಅನಿಲ ಹುಟ್ಟಿ, ಕೆಪಾಸಿಟರುಗಳು ತಲೆಯುಬ್ಬಿ ಸೋರಿ, ಲೆಕ್ಕವಿಲ್ಲದಷ್ಟು ಯಂತ್ರಗಳು ಹಾಳಾದವು. ಕೆಲವು ರೂಪಾಯಿಯ ಭಾಗ ಸಾವಿರಾರು ರೂಪಾಯಿಯ ಯಂತ್ರವನ್ನು ಕೆಡಿಸಿತು.

ಬೆಸುಗೆಯ ದೋಷ. ತಕ್ಕಷ್ಟು ಶಾಖ ಸಿಗದ ಬೆಸುಗೆ ನೋಡಲು ಅಂಟಿದಂತಿದ್ದು ಅಲುಗಾಟಕ್ಕೆ ಬಿಡುತ್ತದೆ. ಬೆಸುಗೆಯ ಸಣ್ಣ ಗುಂಡುಗಳು ಉದುರಿ ಎರಡು ಕಾಲುಗಳ ನಡುವೆ ಸಿಕ್ಕಿಕೊಂಡರೆ ಶಾರ್ಟ್ ಆಗುತ್ತದೆ. ಬೋರ್ಡನ್ನು ಬಾಗಿಸಿದರೆ ಸಣ್ಣ ಪಿಂಗಾಣಿ ಕೆಪಾಸಿಟರುಗಳು ಕಣ್ಣಿಗೆ ಕಾಣದಂತೆ ಬಿರಿಯುತ್ತವೆ. ಆದುದರಿಂದ ಬಿಗಿಯಾದ ಜಾಗಕ್ಕೆ ನಿಯಂತ್ರಕವನ್ನು ಒತ್ತಿ ತುರುಕಬಾರದು.

ಶಾಖಫಲಕದ ದೋಷ. ಮೇಲೆ ಅಲ್ಯೂಮಿನಿಯಂ ತಗಡು ಇದ್ದಮಾತ್ರಕ್ಕೆ ಸಾಲದು. ಅದು ಎಲ್ಲ ಮಾಸ್‌ಫೆಟ್ಟುಗಳ ಬೆನ್ನಿಗೂ ಅಂಟಿರಬೇಕು. ನಾಲ್ಕಕ್ಕೆ ತಗುಲಿ ಎರಡಕ್ಕೆ ತಗುಲದಿದ್ದರೆ ಆ ಎರಡು ಮೊದಲು ಸುಡುತ್ತವೆ.

ತೇವದ ದೋಷ. ಪಾರ್ಚ್‌ಮೆಂಟ್ ಕಾಫಿಯನ್ನು ಹದಕ್ಕೆ ಒಣಗಿಸದೆ ಚೀಲ ತುಂಬಿದರೆ ಏನಾಗುವುದೆಂದು ನಮಗೆ ಗೊತ್ತು. ಚಿಪ್ಪುಗಳ ಪ್ಲಾಸ್ಟಿಕ್ ಕವಚವೂ ಗಾಳಿಯ ತೇವವನ್ನು ಹೀರುತ್ತದೆ. ಹಾಗೆಯೇ ಬೆಸುಗೆಯ ಒಲೆಗೆ ಹೋದರೆ ಒಳಗಿನ ತೇವ ಆವಿಯಾಗಿ ಕವಚ ಬಿರಿಯುವುದು. ಆದುದರಿಂದ ಒಳ್ಳೆಯ ಕಾರ್ಖಾನೆಗಳು ಚಿಪ್ಪುಗಳನ್ನು ತೇವ ಹೊಗದ ಚೀಲದಲ್ಲಿಟ್ಟು, ಚೀಲ ಒಡೆದ ಮೇಲೆ ಗಂಟೆಗಳ ಲೆಕ್ಕವಿಡುತ್ತವೆ. ಮೂರನೆಯ ದರ್ಜೆಯೆಂದು ಗುರುತಾದ ಚಿಪ್ಪಿಗೆ ಈ ಅವಧಿ 168 ಗಂಟೆ, ಅಂದರೆ ಏಳು ದಿನ. ಮೀರಿದರೆ ಮತ್ತೆ ಒಣಗಿಸಿಯೇ ಬಳಸಬೇಕು. ಈ ಶಿಸ್ತು ತಪ್ಪಿದ ಕಡೆ ಬಿರುಕಿನ ಚಿಪ್ಪು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತಿಂಗಳುಗಳ ಮೇಲೆ ಕೆಡುವುದುಂಟು.

೪. ಕಾರ್ಖಾನೆಯ ಪರೀಕ್ಷೆ

ಚೆನ್ನಾಗಿ ನಡೆಯುವ ಕಾರ್ಖಾನೆಯಲ್ಲಿ ಪರೀಕ್ಷೆ ಹಲವು ಹಂತಗಳಲ್ಲಿ ನಡೆಯುತ್ತದೆ. ಬಂದ ಬಿಡಿಭಾಗಗಳಲ್ಲಿ ಮಾದರಿ ತೆಗೆದು ಅಳೆಯುತ್ತಾರೆ. ಬೆಸುಗೆಯಾದ ಬೋರ್ಡನ್ನು ಕ್ಯಾಮರಾ ಕಣ್ಣಿನಿಂದ ನೋಡುತ್ತಾರೆ. ಮಾಸ್‌ಫೆಟ್ಟಿನ ಅಡಿಯ ಬೆಸುಗೆ ಹೊರಗೆ ಕಾಣದಾದ್ದರಿಂದ ಎಕ್ಸ್‌ರೇ ಹಿಡಿಯುತ್ತಾರೆ. ಬಳಿಕ ಮೋಟಾರು ಜೋಡಿಸಿ, ಹೊರೆ ಹೇರಿ, ಶಾಖವನ್ನು ಅಳೆಯುತ್ತಾರೆ. ಬೆಲೆ ಇಳಿಸಲು ಹೊರಟವರು ಮೊದಲು ಕೈಬಿಡುವುದು ಈ ಕೊನೆಯ ಹಂತವನ್ನೇ, ಏಕೆಂದರೆ ಅದಕ್ಕೆ ಸಮಯ ಹೆಚ್ಚು ಹಿಡಿಯುತ್ತದೆ.

ಎಲ್ಲವನ್ನೂ ಪರೀಕ್ಷಿಸದೆ ಮಾದರಿಯಿಂದ ಇಡೀ ರಾಶಿಯನ್ನು ತೂಗುವ ಶಾಸ್ತ್ರ ಸುಮಾರು ನೂರು ವರ್ಷ ಹಳೆಯದು. 1924ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಬಳಗದಲ್ಲಿದ್ದ ವಾಲ್ಟರ್ ಶೆವಾರ್ಟ್ ಉತ್ಪಾದನೆಯ ಏರಿಳಿತವನ್ನು ಗುರುತಿಸುವ ನಿಯಂತ್ರಣ ನಕ್ಷೆಯನ್ನು ರೂಪಿಸಿದರು. ಅದೇ ಬಳಗದ ಹೆರಾಲ್ಡ್ ಡಾಡ್ಜ್ ಮತ್ತು ಹ್ಯಾರಿ ರೋಮಿಗ್ ಮಾದರಿ ತೆಗೆಯುವ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಪ್ರೊಫೆಸರ್ ಮಹಲನೋಬಿಸರ ಆಹ್ವಾನದ ಮೇಲೆ ಶೆವಾರ್ಟರು 1947-48ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ಇಂದು ಮಾದರಿ ಪರೀಕ್ಷೆಗೆ ಐ.ಎಸ್. 2500 ಎಂಬ ಭಾರತೀಯ ಮಾನಕವಿದೆ.

ಆದರೆ ಮಾದರಿಯ ಮಿತಿಯನ್ನೂ ತಿಳಿದಿರಬೇಕು. 100 ನಿಯಂತ್ರಕಗಳ ರಾಶಿಯಲ್ಲಿ 5 ಕೆಟ್ಟಿವೆ ಎನ್ನಿ. ಅದರಿಂದ 5ನ್ನು ತೆಗೆದು ಪರೀಕ್ಷಿಸಿದರೆ ಒಂದೂ ಕೆಟ್ಟದ್ದು ಸಿಗದಿರುವ ಸಂಭವ ಶೇಕಡಾ 77. ಅಂದರೆ ನಾಲ್ಕರಲ್ಲಿ ಮೂರು ಸಲ "ರಾಶಿ ಚೆನ್ನಾಗಿದೆ" ಎಂದು ಮೋಸ ಹೋಗುತ್ತೇವೆ. 20ನ್ನು ಪರೀಕ್ಷಿಸಿದರೂ ಈ ಸಂಭವ ಶೇಕಡಾ 32ಕ್ಕೆ ಇಳಿಯುವುದೇ ಹೊರತು ಇಲ್ಲವಾಗದು. "ಮಾದರಿ ಪರೀಕ್ಷೆ ಆಗಿದೆ" ಎಂಬ ಚೀಟಿ ಕಂಡು ಕಣ್ಣು ಮುಚ್ಚಿ ನಂಬಬಾರದೆಂಬುದಕ್ಕೆ ಇದೇ ಕಾರಣ.

ಇನ್ನೊಂದು ಲೆಕ್ಕ. ನೂರಕ್ಕೆ ಒಂದು ಮಾತ್ರ ಕೆಟ್ಟಿರುವ ದೊಡ್ಡ ರಾಶಿಯಿಂದ ನಾಲ್ಕು ನಾಲ್ಕರಂತೆ ತೆಗೆದು ಡ್ರೋನುಗಳನ್ನು ಕಟ್ಟಿದರೆ, ಅಂಥ ನೂರು ಡ್ರೋನುಗಳಲ್ಲಿ ಸುಮಾರು ನಾಲ್ಕರೊಳಗೆ ಒಂದಾದರೂ ಕೆಟ್ಟ ನಿಯಂತ್ರಕವಿರುತ್ತದೆ. ನಾಲ್ಕು ಮೋಟಾರಿನದರಲ್ಲಿ ಒಂದು ನಿಂತರೆ ಯಂತ್ರವೇ ಬೀಳುವುದು. ಆರು ಮೋಟಾರಿನದಾದರೆ, ಹೊರೆ ಹಗುರವಾಗಿದ್ದಲ್ಲಿ, ಹೇಗಾದರೂ ಇಳಿಸಿಕೊಳ್ಳುವ ಅವಕಾಶವುಂಟು.

೫. ಎಳೆತನದ ಸಾವು

ಅಡಿಕೆ ಸಸಿ ಸಾಯುವುದಾದರೆ ಹೆಚ್ಚಾಗಿ ನೆಟ್ಟ ಹೊಸತರಲ್ಲೇ ಸಾಯುತ್ತದೆ. ಬೇರು ಹಿಡಿದರೆ ಬಹುಕಾಲ ಚಿಂತೆಯಿಲ್ಲ. ಕೊನೆಗೆ ಮುಪ್ಪಿನಲ್ಲಿ ಮತ್ತೆ ಒಂದೊಂದಾಗಿ ಹೋಗುತ್ತವೆ. ವಿದ್ಯುನ್ಮಾನ ಭಾಗಗಳ ಸಾವೂ ಇದೇ ಕ್ರಮದಲ್ಲಿರುತ್ತದೆ: ಮೊದಲ ಗಂಟೆಗಳಲ್ಲಿ ಹೆಚ್ಚು, ನಡುವೆ ಕಡಿಮೆ, ಕೊನೆಯಲ್ಲಿ ಮತ್ತೆ ಹೆಚ್ಚು. ನಾವು ನರ್ಸರಿಯಲ್ಲೇ ಸೊರಗಿದ ಸಸಿಯನ್ನು ಕಿತ್ತೆಸೆಯುವಂತೆ, ಒಳ್ಳೆಯ ತಯಾರಕರು ಮಾಲನ್ನು ಕೆಲವು ಗಂಟೆ ಹೊರೆಯ ಮೇಲೆ ಓಡಿಸಿ ಎಳೆತನದಲ್ಲಿ ಸಾಯುವುದನ್ನು ತಮ್ಮಲ್ಲೇ ಸಾಯಿಸುತ್ತಾರೆ. ಅವರು ಮಾಡದಿದ್ದರೆ ಆ ಕೆಲಸ ಕೊಂಡವರ ಪಾಲಿಗೆ ಬರುತ್ತದೆ. ಅದನ್ನು ಆಕಾಶದಲ್ಲಿ ಮಾಡುವ ಬದಲು ನೆಲದ ಮೇಲೆಯೇ ಮಾಡಿ ಮುಗಿಸುವುದು ಜಾಣತನ.

೬. ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಈ ಕೆಳಗಿನವು ಆರು ಸೆಲ್ಲಿನವರೆಗಿನ ಚಿಕ್ಕ ಹವ್ಯಾಸಿ ಡ್ರೋನುಗಳಿಗೆ ಮಾತ್ರ. ಮೊದಲ ನಾಲ್ಕು ಪರೀಕ್ಷೆ ಮುಗಿಯುವವರೆಗೂ ಪ್ರೊಪೆಲ್ಲರ್ ಬಿಚ್ಚಿರತಕ್ಕದ್ದು.

(1) ಕಣ್ಣಿನ ಪರೀಕ್ಷೆ. ಭೂತಗನ್ನಡಿ ಹಿಡಿದು ಬೆಸುಗೆಯ ಗುಂಡು, ಅರೆಬೆಸುಗೆ, ತಲೆಯುಬ್ಬಿದ ಕೆಪಾಸಿಟರ್, ಓರೆಯಾಗಿ ಕೂತ ಚಿಪ್ಪು ಇವೆಯೇ ಎಂದು ನೋಡಿರಿ. ಕೊಂಡ ನಾಲ್ಕನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿರಿ. ಬೇರೆಯಾಗಿ ಕಾಣುವುದನ್ನು ಪಕ್ಕಕ್ಕಿಡಿರಿ.

(2) ಮೀಟರಿನ ಪರೀಕ್ಷೆ. ಬ್ಯಾಟರಿಯನ್ನೂ ಮೋಟಾರನ್ನೂ ಸೇರಿಸದೆ, ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕಿಡಿರಿ. ಮೀಟರಿನ ಕೆಂಪು ಕಡ್ಡಿಯನ್ನು ನಿಯಂತ್ರಕದ ಕಪ್ಪು ಬ್ಯಾಟರಿ ತಂತಿಗೆ ಹಿಡಿದು, ಕಪ್ಪು ಕಡ್ಡಿಯನ್ನು ಮೋಟಾರಿನ ಮೂರು ತಂತಿಗಳಿಗೆ ಒಂದೊಂದಾಗಿ ಮುಟ್ಟಿಸಿರಿ. ಸುಮಾರು 0.4ರಿಂದ 0.6ರ ನಡುವೆ ಮೂರು ಸಮಾನ ಅಂಕಿಗಳು ಬರಬೇಕು. ಆಮೇಲೆ ಮೀಟರಿನ ಕಪ್ಪು ಕಡ್ಡಿಯನ್ನು ಕೆಂಪು ಬ್ಯಾಟರಿ ತಂತಿಗೆ ಹಿಡಿದು, ಕೆಂಪು ಕಡ್ಡಿಯನ್ನು ಮೂರು ತಂತಿಗಳಿಗೆ ಮುಟ್ಟಿಸಿರಿ. ಮತ್ತೆ ಮೂರು ಸಮಾನ ಅಂಕಿಗಳು. ಎಲ್ಲಾದರೂ ಸೊನ್ನೆ ಬಂದರೆ ಆ ಮಾಸ್‌ಫೆಟ್ಟು ಶಾರ್ಟ್ ಆಗಿದೆ. ಒಂದು ಮಾತ್ರ ಉಳಿದವುಗಳಿಂದ ಬೇರೆಯಾಗಿದ್ದರೆ ಸಂಶಯಾಸ್ಪದ.

(3) ಬಲ್ಬಿನ ಪರೀಕ್ಷೆ. ಮೊದಲ ಸಲ ಬ್ಯಾಟರಿಗೆ ಸೇರಿಸುವಾಗ ಕೆಂಪು ತಂತಿಯ ನಡುವೆ ವಾಹನದ ಬ್ರೇಕ್ ಬಲ್ಬನ್ನು ಸೇರಿಸಿರಿ. ಮೂರು ಸೆಲ್ಲಿಗೆ 12 ವೋಲ್ಟಿನ 21 ವಾಟ್ ಬಲ್ಬು, ಆರು ಸೆಲ್ಲಿಗೆ ಲಾರಿಯ 24 ವೋಲ್ಟಿನ ಬಲ್ಬು. ಬಲ್ಬು ಮಿಣಕ್ ಎಂದು ಆರಿದರೆ ಕ್ಷೇಮ. ಉಜ್ವಲವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ತಕ್ಷಣ ಕಳಚಿರಿ. ಬಲ್ಬು ಪ್ರವಾಹವನ್ನು ತಡೆದುದರಿಂದ ಬ್ಯಾಟರಿಗೂ ಮನೆಗೂ ಬೆಂಕಿಯ ಅಪಾಯ ತಪ್ಪಿತು. ಬಲ್ಬು ಸೇರಿಸಿರುವಾಗ ಮೋಟಾರನ್ನು ವೇಗವಾಗಿ ಓಡಿಸಬಾರದು.

(4) ಕೈಯಿಂದ ತಿರುಗಿಸುವ ಪರೀಕ್ಷೆ. ಮೋಟಾರು ಸೇರಿಸಿ, ಬ್ಯಾಟರಿ ಕಳಚಿ, ಮೋಟಾರನ್ನು ಕೈಯಿಂದ ತಿರುಗಿಸಿರಿ. ನಾಲ್ಕೂ ಒಂದೇ ಸಮನಾಗಿ ತಿರುಗಬೇಕು. ಒಂದು ಮಾತ್ರ ಬಿಗಿಯಾಗಿ, ತಡೆತಡೆದು ತಿರುಗಿದರೆ ಅದರ ಮೂರು ತಂತಿಗಳನ್ನು ನಿಯಂತ್ರಕದಿಂದ ಬಿಡಿಸಿ ನೋಡಿರಿ. ಆಗ ಸಡಿಲವಾದರೆ ದೋಷ ನಿಯಂತ್ರಕದ್ದು. ಆಗಲೂ ಬಿಗಿಯಿದ್ದರೆ ಮೋಟಾರಿನದು.

(5) ಹೊರೆಯ ಪರೀಕ್ಷೆ. ಬಯಲಿನಲ್ಲಿ, ಮಕ್ಕಳನ್ನೂ ದನಕರುಗಳನ್ನೂ ದೂರವಿಟ್ಟು, ಡ್ರೋನನ್ನು ಭಾರವಾದ ಹಲಗೆಗೆ ಬಿಗಿಯಾಗಿ ಕಟ್ಟಿ, ಆಮೇಲೆಯೇ ಪ್ರೊಪೆಲ್ಲರ್ ಹಾಕಿರಿ. ದೂರ ನಿಂತು ಅರ್ಧ ವೇಗದಲ್ಲಿ ಒಂದು ನಿಮಿಷ ಓಡಿಸಿರಿ. ನಿಲ್ಲಿಸಿ, ಬ್ಯಾಟರಿ ಕಳಚಿ, ನಾಲ್ಕೂ ನಿಯಂತ್ರಕಗಳ ಉಷ್ಣತೆಯನ್ನು ದೂರಮಾಪಕ ಥರ್ಮಾಮೀಟರಿನಿಂದ ಅಳೆಯಿರಿ. ಇಲ್ಲಿ ಮುಖ್ಯವಾದುದು ಅಂಕಿಯಲ್ಲ, ಹೋಲಿಕೆ. ಮೂರು ಸಮನಾಗಿದ್ದು ಒಂದು ಮಾತ್ರ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ, ಅದನ್ನು ಬೇರೆ ಮೋಟಾರಿಗೆ ಬದಲಿಸಿ ಮತ್ತೆ ನೋಡಿರಿ. ಬಿಸಿ ನಿಯಂತ್ರಕದ ಜೊತೆಗೇ ಬಂದರೆ ಅದನ್ನು ತೆಗೆದುಹಾಕಿರಿ. ಎರಡನೆಯ ಭಾಗದಲ್ಲಿ ಲೆಕ್ಕ ಹಾಕಿದ ಅರೆಬೆಸುಗೆಯ ದೋಷ ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲಿ ಮಾತ್ರ. ಎಲ್ಲ ಸರಿಯಿದ್ದರೆ ನಡುನಡುವೆ ತಣಿಸುತ್ತಾ ಹಲವು ಸಲ ಓಡಿಸಿ, ಎಳೆತನದ ಗಂಟೆಗಳನ್ನು ನೆಲದ ಮೇಲೆಯೇ ಕಳೆಯಿರಿ.

ಪ್ರತಿ ಪರೀಕ್ಷೆಯ ಅಂಕಿಗಳನ್ನು ಕೊಂಡ ದಿನಾಂಕ ಮತ್ತು ತಂಡದ ಸಂಖ್ಯೆಯೊಡನೆ ಪುಸ್ತಕದಲ್ಲಿ ಬರೆದಿಡಿ. ಮಾಲು ಹಿಂದಿರುಗಿಸುವಾಗ ಬಾಯಿಮಾತಿಗಿಂತ ಬರಹಕ್ಕೆ ಬೆಲೆ ಹೆಚ್ಚು.

೭. ಬಾಡಿಗೆ ಡ್ರೋನ್ ಕರೆಸುವವರಿಗೆ

ಸಿಂಪಡಣೆಯ ದೊಡ್ಡ ಡ್ರೋನುಗಳ ಬ್ಯಾಟರಿಗೆ ಹೆಚ್ಚು ಸೆಲ್ಲುಗಳಿದ್ದು, ನಿಯಂತ್ರಕಗಳನ್ನು ಸಾಮಾನ್ಯವಾಗಿ ಮುಚ್ಚಿ ಭದ್ರಪಡಿಸಿರುತ್ತಾರೆ. ಅವನ್ನು ನಾವು ಬಿಚ್ಚಬಾರದು. ಆದರೆ ಕೇಳುವ ಹಕ್ಕು ನಮಗಿದೆ. ದಿನದ ಕೆಲಸ ಮುಗಿದ ಮೇಲೆ ಯಂತ್ರವನ್ನು ಒರೆಸಿ ಶುಚಿ ಮಾಡುತ್ತಾರೆಯೇ? ಬೋರ್ಡೋ ಆಗಲಿ ಬೇರೆ ತಾಮ್ರದ ಔಷಧಿಯಾಗಲಿ, ಅದರ ಲವಣ ತೇವದೊಡನೆ ಸೇರಿದರೆ ವಿದ್ಯುತ್ತು ಹರಿಯುತ್ತದೆ, ಲೋಹವನ್ನೂ ತಿನ್ನುತ್ತದೆ. ಕಳೆದ ಸಲ ಯಾವ ನಿಯಂತ್ರಕ ಬದಲಾಯಿತು, ಬದಲಾದ ಮೇಲೆ ಖಾಲಿ ತೊಟ್ಟಿಯಲ್ಲಿ ಹಾರಿಸಿ ನೋಡಿದರೇ? 2021ರ ಡ್ರೋನ್ ನಿಯಮಗಳ ಪ್ರಕಾರ ಬೇಕಾದ ನೋಂದಣಿ ಮತ್ತು ಚಾಲಕರ ಪ್ರಮಾಣಪತ್ರ ಇವೆಯೇ? ಉತ್ತರ ತಡವರಿಸಿದರೆ ಆ ದಿನ ಸಿಂಪಡಣೆ ಬೇಡ. ಉತ್ತರ ಸರಿಯಿದ್ದರೂ ಡ್ರೋನು ಹಾರುತ್ತಿರುವಾಗ ಅದರ ಅಡಿಯಲ್ಲಿ ಆಳುಗಳು ಇರಕೂಡದು.

೮. ಪಾಠದ ಸಾರ

ಒಂದು: ಹೊರೆಯಿಲ್ಲದ ಪರೀಕ್ಷೆ ಪರೀಕ್ಷೆಯಲ್ಲ. ಎರಡು: ಕೆಲವನ್ನು ನೋಡಿ ರಾಶಿಯೆಲ್ಲ ಒಳ್ಳೆಯದೆಂದು ನಂಬಬಾರದು. ಹಾರುವ ಯಂತ್ರಕ್ಕೆ ಕೂರಿಸುವ ಪ್ರತಿಯೊಂದನ್ನೂ ಪರೀಕ್ಷಿಸಬೇಕು. ಮೂರು: ಕೆಡುವುದಿದ್ದರೆ ನೆಲದ ಮೇಲೆ ಕೆಡಲಿ. ನಾಲ್ಕು: ಅಂಕಿಗಳನ್ನು ಬರೆದಿಡಿ.

ಅಭ್ಯಾಸಕ್ಕೆ ಎರಡು ಪ್ರಶ್ನೆಗಳು

(ಅ) ಒಂದು ಸ್ಥಾನದಲ್ಲಿ 0.002 ಓಮಿನ ಎರಡು ಮಾಸ್‌ಫೆಟ್ಟುಗಳಿವೆ. ಮೋಟಾರು 60 ಆಂಪಿಯರ್ ಎಳೆಯುತ್ತದೆ. ಒಂದೊಂದರ ಶಾಖವೆಷ್ಟು? ಒಂದರ ಬೆಸುಗೆ ಬಿಟ್ಟರೆ ಉಳಿದದ್ದರ ಶಾಖವೆಷ್ಟು?

(ಆ) ಬಲ್ಬಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ನಿಯಂತ್ರಕವನ್ನು ಹೊರೆಯ ಪರೀಕ್ಷೆಗೂ ಏಕೆ ಒಡ್ಡಬೇಕು?

ಉತ್ತರ: (ಅ) 1.8 ವಾಟ್, 7.2 ವಾಟ್. (ಆ) ಬಲ್ಬು ತೋರಿಸುವುದು ಶಾರ್ಟ್ ಆದುದನ್ನು ಮಾತ್ರ. ಬಿಟ್ಟುಹೋದ ಬೆಸುಗೆಯನ್ನೂ ಹೆಚ್ಚು ತಡೆಯ ಮಾಸ್‌ಫೆಟ್ಟನ್ನೂ ಅದು ತೋರಿಸಲಾರದು.